ಬಾಲಮಂದಿರದ ಆದೇಶವನ್ನು ನ್ಯಾಯಾಧೀಶರೂ ನೋಡಲಿ: ಆಕ್ಷೇಪಗಳಿಗೆ ಉತ್ತರ

ಕಳ್ಳತನದ ಆರೋಪ ಹೊತ್ತ ವಯಸ್ಕನನ್ನು ನ್ಯಾಯಾಂಗ ಬಂಧನಕ್ಕೆ ಕಳಿಸಿದರೆ, ಹದಿನೈದು ದಿನಕ್ಕೊಮ್ಮೆಯಾದರೂ ಮ್ಯಾಜಿಸ್ಟ್ರೇಟರು ಅವನ ಬಂಧನ ಮುಂದುವರಿಯಬೇಕೇ ಎಂದು ನೋಡಲೇಬೇಕು. ಅಪರಾಧದ ಗಾತ್ರಕ್ಕೆ ತಕ್ಕಂತೆ 60 ಇಲ್ಲವೆ 90 ದಿನಗಳಲ್ಲಿ ಆರೋಪಪಟ್ಟಿ ಬರದಿದ್ದರೆ ಜಾಮೀನು ಅವನ ಹಕ್ಕಾಗುತ್ತದೆ. ಆದರೆ ಯಾವ ತಪ್ಪನ್ನೂ ಮಾಡದೆ, ರೈಲು ನಿಲ್ದಾಣದಲ್ಲಿ ಒಂಟಿಯಾಗಿ ಸಿಕ್ಕಿದ ಒಂಬತ್ತು ವರ್ಷದ ಹುಡುಗಿಯನ್ನು ಬಾಲಮಂದಿರಕ್ಕೆ ಹಾಕಿದರೆ, ಅವಳ ಕಡತವನ್ನು ಯಾವ ನ್ಯಾಯಾಧೀಶರೂ ತಾವಾಗಿ ತೆರೆದು ನೋಡಬೇಕಿಲ್ಲ. ಯಾರಾದರೂ ಮೇಲ್ಮನವಿ ಹಾಕಿದರೆ ಮಾತ್ರ ನೋಡುತ್ತಾರೆ. ಹಾಕಲು ಯಾರೂ ಇಲ್ಲದಿದ್ದರೆ ಅವಳು ಹದಿನೆಂಟು ತುಂಬುವವರೆಗೂ ಅಲ್ಲೇ ಇರಬಹುದು.

ಇದು ಬದಲಾಗಬೇಕು ಎಂಬುದು ನನ್ನ ವಾದ. ಮಗುವನ್ನು ಕುಟುಂಬದ ಹೊರಗಿಡುವ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ನಾಲ್ಕು ತಿಂಗಳು ದಾಟಿತೆಂದರೆ, ಯಾರೂ ಕೇಳದಿದ್ದರೂ ಜಿಲ್ಲೆಯ ಮಕ್ಕಳ ನ್ಯಾಯಾಲಯ ಆ ಕಡತವನ್ನು ತರಿಸಿಕೊಂಡು ನೋಡಬೇಕು. ಆಮೇಲೆ ಆರು ತಿಂಗಳಿಗೊಮ್ಮೆ ನೋಡಬೇಕು. ಮಗುವಿನ ಪರವಾಗಿ ಒಬ್ಬ ವಕೀಲರಿರಬೇಕು, ಮಗು ಏನು ಹೇಳುತ್ತದೆ ಎಂಬುದು ದಾಖಲಾಗಬೇಕು, ಇಟ್ಟುಕೊಳ್ಳಲು ಕಾರಣವೇನು ಎಂಬುದು ಬರಹದಲ್ಲಿರಬೇಕು. ನಾಲ್ಕು ತಿಂಗಳು ಎಂದದ್ದಕ್ಕೂ ಕಾರಣವಿದೆ. 2015ರ ಬಾಲ ನ್ಯಾಯ ಕಾಯ್ದೆಯ 36ನೇ ಕಲಮಿನ ಪ್ರಕಾರ, ಮಗುವನ್ನು ಮೊದಲ ಸಲ ಹಾಜರುಪಡಿಸಿದ ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ಕೊಡಬೇಕು.

ಈ ಬೇಡಿಕೆ ಮುಂದಿಟ್ಟಾಗಲೆಲ್ಲ ಕೆಲವು ಆಕ್ಷೇಪಗಳು ಬರುತ್ತವೆ. ಹೇಳುವವರಲ್ಲಿ ಹೆಚ್ಚಿನವರು ಮಕ್ಕಳಿಗಾಗಿ ನಿಜಕ್ಕೂ ದುಡಿದವರು. ಹಾಗಾಗಿ ಒಂದೊಂದಕ್ಕೂ ಉತ್ತರ ಕೊಡುವುದು ನನ್ನ ಕರ್ತವ್ಯ.

ಮೊದಲ ಆಕ್ಷೇಪ, ಸಮಿತಿಯೇ ಒಂದು ನ್ಯಾಯಪೀಠ, ಅದರ ಮೇಲೆ ಇನ್ನೊಂದು ಏಕೆ ಎಂಬುದು. ಸಮಿತಿ ಪೀಠವಾಗಿ ಕೆಲಸ ಮಾಡುತ್ತದೆ, ಅದಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ, ನಿಜ. ಅಧಿಕಾರ ಅಷ್ಟು ದೊಡ್ಡದಾದುದರಿಂದಲೇ ಮೇಲಿನವರ ಪರಿಶೀಲನೆ ಬೇಕು ಎನ್ನುತ್ತೇನೆ. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಅವರನ್ನು ರಾಜ್ಯ ಸರ್ಕಾರ ಮೂರು ವರ್ಷದ ಅವಧಿಗೆ ನೇಮಿಸುತ್ತದೆ. ಐವರಲ್ಲಿ ಒಬ್ಬರಾದರೂ ಕಾನೂನು ಓದಿರಲೇಬೇಕೆಂಬ ನಿಯಮವಿಲ್ಲ. ಮನಃಶಾಸ್ತ್ರ, ಸಮಾಜಕಾರ್ಯ, ಶಿಕ್ಷಣ, ಕಾನೂನು ಇವುಗಳಲ್ಲಿ ಯಾವುದಾದರೂ ಆಗಬಹುದು. ಅದೇ ಕಾಯ್ದೆಯ ಬಾಲ ನ್ಯಾಯ ಮಂಡಳಿಯನ್ನು ನೋಡಿ. ಅಪರಾಧದ ಆರೋಪ ಹೊತ್ತ ಮಗುವಿನ ಪ್ರಕರಣ ಕೇಳುವ ಆ ಮಂಡಳಿಗೆ ಕನಿಷ್ಠ ಮೂರು ವರ್ಷ ಅನುಭವವಿರುವ ಮ್ಯಾಜಿಸ್ಟ್ರೇಟರೇ ಮುಖ್ಯಸ್ಥರಾಗಿರಬೇಕು. ಆರೋಪ ಹೊತ್ತ ಮಗುವಿಗೆ ಮೊದಲ ದಿನದಿಂದಲೇ ಒಬ್ಬ ನ್ಯಾಯಾಧೀಶರು ಸಿಗುತ್ತಾರೆ. ಯಾವ ಆರೋಪವೂ ಇಲ್ಲದೆ ಬಡತನಕ್ಕೋ, ತಂದೆತಾಯಿಯ ಸಾವಿಗೋ, ಹಿಂಸೆಗೋ ಸಿಕ್ಕಿ ಬಂದ ಮಗುವಿಗೆ ಸಿಗುವುದಿಲ್ಲ.

ಇದು ಸಮಿತಿಯ ಸದಸ್ಯರ ಯೋಗ್ಯತೆಯ ಪ್ರಶ್ನೆ ಎಂದು ದಯವಿಟ್ಟು ಭಾವಿಸಬೇಡಿ. ಸಿವಿಲ್ ನ್ಯಾಯಾಧೀಶರು ಒಂದು ಗುಂಟೆ ಜಮೀನಿನ ಬಗ್ಗೆ ಕೊಟ್ಟ ತೀರ್ಪನ್ನೂ ಮೇಲಿನವರು ತಿದ್ದಬಹುದು, ಅದರಿಂದ ಕೆಳಗಿನವರಿಗೆ ಅವಮಾನವಾಯಿತೆಂದು ಯಾರೂ ಹೇಳುವುದಿಲ್ಲ. ಕಾಯ್ದೆಯ 3ನೇ ಕಲಮಿನ ತತ್ವಗಳಲ್ಲೇ ಸಹಜ ನ್ಯಾಯವಿದೆ. ನ್ಯಾಯಯುತ ವಿಚಾರಣೆ ಮತ್ತು ಪಕ್ಷಪಾತದ ನಿಷೇಧದ ಜೊತೆಗೆ ಮರುಪರಿಶೀಲನೆಯ ಹಕ್ಕನ್ನೂ ಅಲ್ಲಿ ಹೆಸರಿಸಿದೆ. ಭಾರತ 1992ರ ಡಿಸೆಂಬರಿನಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ ಇನ್ನೂ ಸ್ಪಷ್ಟವಾಗಿದೆ. ತಂದೆತಾಯಿಯ ಇಚ್ಛೆಗೆ ವಿರುದ್ಧವಾಗಿ ಮಗುವನ್ನು ಅವರಿಂದ ಬೇರ್ಪಡಿಸುವ ಯಾವ ನಿರ್ಧಾರವೂ ನ್ಯಾಯಾಂಗದ ಪರಿಶೀಲನೆಗೆ ಒಳಪಟ್ಟಿರಬೇಕು ಎಂದು ಅದು ಹೇಳುತ್ತದೆ. 25ನೇ ವಿಧಿಯು ಹೊರಗಿಟ್ಟ ಮಗುವಿನ ಸ್ಥಿತಿಯನ್ನು ಕಾಲಕಾಲಕ್ಕೆ ಪರಿಶೀಲಿಸಬೇಕೆನ್ನುತ್ತದೆ. ಮೂರು ದಶಕದ ಹಿಂದೆ ಕೊಟ್ಟ ಮಾತನ್ನು ಪೂರ್ತಿ ನಡೆಸಿ ಎಂದಷ್ಟೇ ನಾನು ಕೇಳುತ್ತಿರುವುದು.

ಎರಡನೆಯವರು ಹೇಳುತ್ತಾರೆ: ಮೇಲ್ಮನವಿಯ ದಾರಿ ಇದ್ದೇ ಇದೆಯಲ್ಲ. 101ನೇ ಕಲಮಿನಡಿ ನೊಂದ ಯಾರಾದರೂ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಹೋಗಬಹುದು, ತಡವಾದರೆ ಸಕಾರಣ ತೋರಿಸಿ ಹೋಗಬಹುದು, ಅದನ್ನು 30 ದಿನದಲ್ಲಿ ಇತ್ಯರ್ಥ ಮಾಡಬೇಕು. 102ನೇ ಕಲಮಿನಡಿ ಹೈಕೋರ್ಟು ತಾನಾಗಿಯೇ ಕಡತ ತರಿಸಿಕೊಳ್ಳಬಹುದು. ಕಾಗದದ ಮೇಲೆ ಇದೆಲ್ಲ ಸರಿಯಾಗಿದೆ.

ಆದರೆ ಈ ದಾರಿಯಲ್ಲಿ ನಡೆಯಬೇಕಾದವರು ಯಾರು? ಯಾದಗಿರಿಯಿಂದ ಗುಳೆ ಬಂದು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಸೇರಿದ ಗಂಡಹೆಂಡತಿಯನ್ನು ಕಲ್ಪಿಸಿಕೊಳ್ಳಿ. ಮಗು ಮೆಜೆಸ್ಟಿಕ್ಕಿನಲ್ಲಿ ತಪ್ಪಿಸಿಕೊಂಡಿತು, ಯಾರೋ 1098ಕ್ಕೆ ಫೋನು ಮಾಡಿದರು, ಸಮಿತಿಯ ಮುಂದೆ ಹಾಜರಾಯಿತು, ಬಾಲಮಂದಿರ ಸೇರಿತು. ತಂದೆತಾಯಿ ಬಂದು ಕೇಳಿದರೆ ಆಧಾರ್ ತನ್ನಿ, ಪಡಿತರ ಚೀಟಿ ತನ್ನಿ, ಜನನ ಪ್ರಮಾಣಪತ್ರ ತನ್ನಿ. ಮನೆಯ ವಿಳಾಸ ಯಾದಗಿರಿಯದು, ಇರುವುದು ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ. ಸಾಮಾಜಿಕ ತನಿಖಾ ವರದಿ ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಹೋಗಿ ಬರಬೇಕು. ಅಷ್ಟು ಹೊತ್ತಿಗೆ 30 ದಿನ ಯಾವಾಗ ಕಳೆಯಿತೆಂದು ಅವರಿಗೆ ಗೊತ್ತಾಗುವುದೂ ಇಲ್ಲ. ದಿನಗೂಲಿ ಬಿಟ್ಟು ವಕೀಲರನ್ನು ಹುಡುಕುವುದಕ್ಕಿಂತ, ‘ಸಾಹೇಬರು ಇವತ್ತು ಬಿಡಬಹುದು’ ಎಂದು ಗೇಟಿನ ಹತ್ತಿರ ಕೂರುವುದೇ ಅವರಿಗೆ ತಿಳಿದಿರುವ ದಾರಿ. ಇನ್ನು ತಂದೆತಾಯಿಯೇ ಇಲ್ಲದ ಮಗು? ಅದರ ಪರವಾಗಿ ‘ನೊಂದ ವ್ಯಕ್ತಿ’ ಯಾರು? ಮೇಲ್ಮನವಿ ಎಂಬ ಏರ್ಪಾಡು ವಯಸ್ಕರಿಗೆ, ಓದು ಬಂದವರಿಗೆ, ಕಾಸಿದ್ದವರಿಗೆ ಹೊಂದುವಂಥದ್ದು.

ಆ ದಾರಿಯೂ ಎಷ್ಟು ಮಸುಕಾಗಿತ್ತು ಎಂಬುದಕ್ಕೆ ನಮ್ಮ ರಾಜ್ಯದಿಂದಲೇ ಹೋದ ಒಂದು ಪ್ರಕರಣ ಸಾಕ್ಷಿ. ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಬಾಲಕನೊಬ್ಬ ತಾಯಿಯ ಮೂಲಕ ಕರ್ನಾಟಕ ರಾಜ್ಯದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ. 2024ರ ಮೇ ತಿಂಗಳಲ್ಲಿ ತೀರ್ಪು ಬಂತು. 101ನೇ ಕಲಮು ಒಂದು ಕಡೆ ಮಕ್ಕಳ ನ್ಯಾಯಾಲಯ ಎನ್ನುತ್ತದೆ, ಇನ್ನೊಂದು ಕಡೆ ಸತ್ರ ನ್ಯಾಯಾಲಯ ಎನ್ನುತ್ತದೆ. ಎರಡನ್ನೂ ಒಂದೇ ಎಂದು ಓದಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು ಹೇಳಬೇಕಾಯಿತು. ಆದೇಶಕ್ಕೆ ಸಹಿ ಹಾಕಿದವರ ಹೆಸರು ಆದೇಶದಲ್ಲಿ ಕಾಣಬೇಕು ಎಂದೂ ಹೇಳಬೇಕಾಯಿತು. ಕಾಯ್ದೆ ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. ಯಾವ ಕೋರ್ಟಿನ ಬಾಗಿಲು ಬಡಿಯಬೇಕು ಎಂಬುದು ತಿಳಿಯಾಗಲು ಎಂಟು ವರ್ಷ ಬೇಕಾದರೆ, ಗೇಟಿನ ಬಳಿ ಕೂತ ತಾಯಿಗೆ ‘ಮೇಲ್ಮನವಿ ಇದೆಯಲ್ಲಮ್ಮ’ ಎಂದು ಹೇಳುವ ಧೈರ್ಯ ನನಗಿಲ್ಲ.

ಮೂರನೆಯ ಆಕ್ಷೇಪ ಸರ್ಕಾರದ ಕಡೆಯವರದು: ಜಿಲ್ಲಾಧಿಕಾರಿ ಇದ್ದಾರೆ. 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದು, ಸಮಿತಿಯ ಕಾರ್ಯವೈಖರಿಯ ಬಗೆಗಿನ ದೂರುಗಳನ್ನು ಕೇಳುವ ಅಧಿಕಾರವನ್ನು ಅವರಿಗೆ ಕೊಟ್ಟಿದೆ. ದತ್ತು ಆದೇಶವನ್ನೂ ಈಗ ನ್ಯಾಯಾಲಯದ ಬದಲು ಅವರೇ ಕೊಡುತ್ತಾರೆ. ಜಿಲ್ಲಾಧಿಕಾರಿಗಳಲ್ಲಿ ಮಕ್ಕಳ ಬಗ್ಗೆ ಕಳಕಳಿಯುಳ್ಳವರು ಇದ್ದಾರೆ. ಆದರೆ ಜಿಲ್ಲೆಯ ಮಕ್ಕಳ ರಕ್ಷಣಾ ವ್ಯವಸ್ಥೆಯ ಮೇಲ್ವಿಚಾರಣೆಯೇ ಅವರದು. ತನ್ನ ಆಡಳಿತ ನಡೆಸುವ ಮಂದಿರಕ್ಕೆ ಮಗು ಬಂದದ್ದು ಸರಿಯೇ ಎಂದು ಅದೇ ಆಡಳಿತದ ಮುಖ್ಯಸ್ಥರು ತೀರ್ಮಾನಿಸುವುದನ್ನು ಸ್ವತಂತ್ರ ಪರಿಶೀಲನೆ ಎನ್ನಲಾಗದು. ಬರ, ನೆರೆ, ಚುನಾವಣೆ, ಭೂಸ್ವಾಧೀನಗಳ ನಡುವೆ ಒಂದು ಮಗುವಿನ ಕಡತ ಅವರ ಮೇಜಿನಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದು ಜಿಲ್ಲಾ ಕಚೇರಿಯನ್ನು ಬಲ್ಲ ಎಲ್ಲರಿಗೂ ಗೊತ್ತು.

ಈಗ ಹೊರೆಯ ಮಾತು. ಕೋರ್ಟುಗಳಲ್ಲಿ ಮೊಕದ್ದಮೆಗಳು ರಾಶಿ ಬಿದ್ದಿವೆ, ಇದನ್ನೂ ಹೇರಿದರೆ ಎಲ್ಲವೂ ನಿಧಾನವಾಗುತ್ತದೆ, ಮಕ್ಕಳಿಗೆ ಆರು ತಿಂಗಳು ವಯಸ್ಕರ ಆರು ತಿಂಗಳಂತಲ್ಲ ಎನ್ನುತ್ತಾರೆ. ಕೊನೆಯ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅದಕ್ಕಾಗಿಯೇ ಗಡುವು ಬೇಕೆನ್ನುತ್ತೇನೆ. ನಾನು ಕೇಳುವ ಪರಿಶೀಲನೆ ಸಾಕ್ಷಿಗಳ ಸಾಲು ನಿಲ್ಲಿಸುವ ವಿಚಾರಣೆಯಲ್ಲ. ತನಿಖಾ ವರದಿ, ವೈಯಕ್ತಿಕ ಪೋಷಣಾ ಯೋಜನೆ, ಮಗುವಿನ ಮಾತು, ವಕೀಲರ ಟಿಪ್ಪಣಿ ಇವನ್ನು ಓದಿ ಎರಡು ವಾರದೊಳಗೆ ಆದೇಶ. ಸಂದೇಹವಿದ್ದ ಪ್ರಕರಣದಲ್ಲಿ ಮಾತ್ರ ಎಲ್ಲರನ್ನೂ ಕರೆಸಬೇಕು. ಸಮಿತಿಯ ಆದೇಶವೇನೂ ಅಲ್ಲಿಯವರೆಗೆ ನಿಲ್ಲುವುದಿಲ್ಲ.

ಇದು ಆಗದ ಕೆಲಸವೆನ್ನುವವರು 2020ನ್ನು ನೆನಪಿಸಿಕೊಳ್ಳಲಿ. ಕೋವಿಡ್ ಬಂದಾಗ ಸುಪ್ರೀಂ ಕೋರ್ಟು ತಾನಾಗಿ ಪ್ರಕರಣ ದಾಖಲಿಸಿಕೊಂಡು, ಏಪ್ರಿಲ್ 3ರಂದು, ಯಾವ ಯಾವ ಮಕ್ಕಳನ್ನು ಮನೆಗೆ ಕಳಿಸಬಹುದು ಎಂದು ಪರಿಶೀಲಿಸುವಂತೆ ಸಮಿತಿಗಳಿಗೆ ಹೇಳಿತು. ಆ ವರ್ಷದ ಕೊನೆಗೆ ನ್ಯಾಯಾಲಯದ ಮುಂದೆ ಬಂದ ಲೆಕ್ಕದಂತೆ, ಸಾಂಕ್ರಾಮಿಕ ಶುರುವಾದಾಗ ದೇಶದ ಮಕ್ಕಳ ಪಾಲನಾ ಸಂಸ್ಥೆಗಳಲ್ಲಿದ್ದವರು 2,27,518 ಮಕ್ಕಳು. ಮನೆಗೆ ಸೇರಿಸಿದವರು 1,45,788. ನ್ಯಾಯಾಲಯ ಕೇಳಿದ್ದರಿಂದ ಲಕ್ಷಕ್ಕೂ ಹೆಚ್ಚು ಕಡತಗಳು ಕೆಲವೇ ತಿಂಗಳಲ್ಲಿ, ಅದೂ ಲಾಕ್‌ಡೌನಿನ ನಡುವೆ, ತೆರೆದುಕೊಂಡವು. ಹತ್ತಿರಹತ್ತಿರ ಮೂವರಲ್ಲಿ ಇಬ್ಬರು ಮಕ್ಕಳಿಗೆ ಹೋಗಲು ಒಂದು ಮನೆ ಇತ್ತು. ಹಾಗಿದ್ದ ಮೇಲೆ ಅದಕ್ಕೂ ಹಿಂದಿನ ತಿಂಗಳುಗಳಲ್ಲಿ, ವರ್ಷಗಳಲ್ಲಿ ಅವರು ಯಾಕೆ ಅಲ್ಲಿದ್ದರು ಎಂದು ಕೇಳುವ ಕರ್ತವ್ಯ ಯಾರದಾಗಿತ್ತು?

ಆ ಪ್ರಯೋಗದ ದೋಷವನ್ನೂ ಹೇಳಬೇಕು. ಹಾಗೆ ಹೋದ ಮಕ್ಕಳಲ್ಲಿ ಅನೇಕರಿಗೆ ಪಾಠವಿಲ್ಲ, ಫೋನಿಲ್ಲ, ಮನೆಯಲ್ಲಿ ದುಡಿಮೆಯಿಲ್ಲ. ಕೊನೆಗೆ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಮನೆಗೆ ಹೋದ ಪ್ರತಿ ಮಗುವಿನ ಓದಿಗೆ ತಿಂಗಳಿಗೆ 2,000 ರೂಪಾಯಿ ಕೊಡಿ ಎಂದು ರಾಜ್ಯಗಳಿಗೆ ಹೇಳಬೇಕಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಕರ್ನಾಟಕವೂ ಸೇರಿದಂತೆ ಎಂಟು ರಾಜ್ಯಗಳಿಗೆ, ಮಕ್ಕಳನ್ನು 100 ದಿನದಲ್ಲಿ ಮನೆಗೆ ಸೇರಿಸಿ ಎಂದು ಪತ್ರ ಬರೆದಿತ್ತು. ಅದು ತಪ್ಪು ಹೆಜ್ಜೆಯೆಂದೇ ನನ್ನ ಅಭಿಪ್ರಾಯ. ಎಲ್ಲರನ್ನೂ ಒಟ್ಟಿಗೆ ಒಳಗಿಡುವುದು ಹೇಗೆ ಅನ್ಯಾಯವೋ ಎಲ್ಲರನ್ನೂ ಒಟ್ಟಿಗೆ ಕಳಿಸುವುದೂ ಹಾಗೆಯೇ ಅನ್ಯಾಯ. ಒಂದು ಮಗು, ಒಂದು ಕಡತ, ಒಂದು ಕಾರಣಸಹಿತ ಆದೇಶ: ಇದಕ್ಕೆ ಒಗ್ಗಿದ ಸಂಸ್ಥೆ ನ್ಯಾಯಾಲಯ.

ಬೇರೆ ದೇಶಗಳೂ ಇದೇ ಹೊರೆಯನ್ನು ಹೊತ್ತಿವೆ. ಅಮೆರಿಕದಲ್ಲಿ 1980ರ ಒಕ್ಕೂಟ ಕಾಯ್ದೆ, ಮನೆಯ ಹೊರಗಿಟ್ಟ ಪ್ರತಿ ಮಗುವಿನ ಸ್ಥಿತಿಯನ್ನು ಆರು ತಿಂಗಳಿಗೊಮ್ಮೆ ಪರಿಶೀಲಿಸಬೇಕೆಂದಿತು. ಮಗುವಿನ ಶಾಶ್ವತ ನೆಲೆಯ ಬಗೆಗಿನ ವಿಚಾರಣೆಗೆ ಇದ್ದ 18 ತಿಂಗಳ ಗಡುವನ್ನು 1997ರಲ್ಲಿ 12ಕ್ಕೆ ಇಳಿಸಿದರು. ಇಂಗ್ಲೆಂಡಿನಲ್ಲಿ 1989ರ ಮಕ್ಕಳ ಕಾಯ್ದೆಯಡಿ ತುರ್ತು ರಕ್ಷಣೆಯ ಆದೇಶವನ್ನೂ ನ್ಯಾಯಾಲಯವೇ ಕೊಡಬೇಕು. ಅದರ ಆಯುಷ್ಯ ಎಂಟು ದಿನ, ಒಮ್ಮೆ ಮಾತ್ರ ಏಳು ದಿನ ಹೆಚ್ಚಿಸಬಹುದು.

ನ್ಯಾಯಾಧೀಶರಿಗೆ ಮಕ್ಕಳ ಮನಸ್ಸು ತಿಳಿಯದು, ಕಪ್ಪು ಕೋಟು ನೋಡಿ ಮಗು ಹೆದರುತ್ತದೆ ಎನ್ನುವವರಿಗೆ ಉತ್ತರ ಚಿಕ್ಕದು. ಪೋಕ್ಸೊ ಪ್ರಕರಣಗಳಲ್ಲಿ ಇದೇ ಮಕ್ಕಳ ಹೇಳಿಕೆಯನ್ನು ನ್ಯಾಯಾಧೀಶರು ದಿನಾ ದಾಖಲಿಸುತ್ತಾರೆ. ಕೋಟು ತೆಗೆದಿಟ್ಟು ಕೊಠಡಿಯಲ್ಲಿ ಮಾತಾಡಿಸುವುದನ್ನು ಅನೇಕರು ಕಲಿತಿದ್ದಾರೆ, ಉಳಿದವರೂ ಕಲಿಯಬಹುದು.

ಇದಕ್ಕಿಂತ ಭಾರವಾದ ಟೀಕೆ ಇನ್ನೊಂದಿದೆ. ಪರಿಶೀಲನೆ ಕಡ್ಡಾಯವಾದರೆ ಅದು ಬರೀ ಸಹಿ ಹಾಕುವ ಕೆಲಸವಾಗುತ್ತದೆ ಎಂಬುದು. ಈ ಭಯ ನನಗೂ ಇದೆ. ರಾಜಸ್ಥಾನದ ಬಾಲಕನೊಬ್ಬ ಒಂದು ವರ್ಷಕ್ಕೂ ಹೆಚ್ಚು ಕಾಲ ಬಂಧನದಲ್ಲಿದ್ದ. ಬಾಲಕನಿಗೆ ಜಾಮೀನು ನಿರಾಕರಿಸಬೇಕಾದರೆ 12ನೇ ಕಲಮು ಹೇಳುವ ನಿರ್ದಿಷ್ಟ ಕಾರಣಗಳಲ್ಲಿ ಒಂದಾದರೂ ಇರಬೇಕು. ಮಂಡಳಿಯಿಂದ ಹೈಕೋರ್ಟಿನವರೆಗೆ ಯಾರೂ ಅಂಥ ಕಾರಣವನ್ನು ಬರೆದಿರಲಿಲ್ಲ. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ತೋರಿಸಿ ಅವನನ್ನು ಬಿಡಿಸಿತು. ಕೆಳಗಿನ ಎಲ್ಲ ಹಂತಗಳೂ ಸೋತವು, ಕೊನೆಯದು ಉಳಿಸಿತು. ಇದರಿಂದ ಕೆಲವರು ಪರಿಶೀಲನೆ ವ್ಯರ್ಥ ಎಂಬ ಪಾಠ ಕಲಿಯುತ್ತಾರೆ. ನನಗೆ ಕಾಣುವುದು ಬೇರೆ: ಕಾರಣ ಬರೆಯಲೇಬೇಕೆಂಬ ನಿಯಮ ಇದ್ದುದರಿಂದಲೇ ಬರೆದಿಲ್ಲವೆಂಬ ತಪ್ಪು ಸಿಕ್ಕಿಬಿತ್ತು. ಬಾಲಮಂದಿರದ ಮಗುವಿಗೆ ಆ ನಿಯಮದ ಆಸರೆಯೂ ಇಲ್ಲ.

‘ಅಲ್ಲಿ ಮೂರು ಹೊತ್ತು ಊಟವಿದೆ, ಶಾಲೆಯಿದೆ, ಗುಡಿಸಲಿಗಿಂತ ಮೇಲಲ್ಲವೇ?’ ಎಂದು ಒಳ್ಳೆಯ ಮನಸ್ಸಿನವರೂ ಕೇಳುತ್ತಾರೆ. ಬಡತನ ಕಾರಣವಾದರೆ ನಾಡಿನ ಎಷ್ಟು ಮಕ್ಕಳನ್ನು ಕಿತ್ತು ತರಬೇಕಾದೀತು ಎಂದು ಯೋಚಿಸಲಿ. ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವೆಂದು ಕಾಯ್ದೆಯೇ ಹೇಳುತ್ತದೆ. ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಮನೆಯಲ್ಲೇ ಉಳಿಯುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಕೊಡಲು ಅವಕಾಶವಿದೆ. ‘ಈ ಮನೆಗೆ ಆ ಹಣ ಕೊಟ್ಟು ನೋಡಿದಿರಾ? ಇಲ್ಲವಾದರೆ ಯಾಕೆ?’ ಎಂದು ಕೇಳುವ ಒಬ್ಬ ನ್ಯಾಯಾಧೀಶರಿದ್ದರೆ ಅನೇಕ ಮಕ್ಕಳು ಬಾಲಮಂದಿರದ ಮುಖ ನೋಡಬೇಕಾಗುವುದಿಲ್ಲ. ಎಳೆಯ ಮಕ್ಕಳ ವಿಷಯದಲ್ಲಂತೂ ರೊಮೇನಿಯಾದ ಬುಖಾರೆಸ್ಟಿನಲ್ಲಿ ನಡೆದ ಅಧ್ಯಯನ ಸಂದೇಹ ಉಳಿಸಿಲ್ಲ: ಸಂಸ್ಥೆಯಿಂದ ಸಾಕುಕುಟುಂಬಕ್ಕೆ ಬೇಗ ಹೋದ ಮಕ್ಕಳ ಬುದ್ಧಿ ಬೆಳವಣಿಗೆ, ಅಲ್ಲೇ ಉಳಿದವರಿಗಿಂತ ಸ್ಪಷ್ಟವಾಗಿ ಮುಂದಿತ್ತು.

ಕೊನೆಗೆ, ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಹದಿನಾಲ್ಕು ವರ್ಷದ ಹುಡುಗಿಯ ಮದುವೆ ನಿಲ್ಲಿಸಿ ಬಾಲಮಂದಿರಕ್ಕೆ ತಂದಿದ್ದಾರೆ. ತಂದೆ ವಕೀಲರನ್ನು ಹಿಡಿದು ಅವಳನ್ನು ಕರೆದುಕೊಂಡು ಹೋಗಿ ಮರುವಾರವೇ ಇನ್ನೊಂದು ಊರಲ್ಲಿ ತಾಳಿ ಕಟ್ಟಿಸುತ್ತಾನೆ. ಮಗಳ ಮೇಲೆ ಕೈಮಾಡಿದ ಚಿಕ್ಕಪ್ಪ ಅದೇ ಮನೆಯಲ್ಲಿದ್ದಾನೆ. ಮಗು ಮನೆಗೆ ಹೋದರೆ ಸಾಕ್ಷಿ ತಿರುಗುತ್ತದೆ. ನ್ಯಾಯಾಲಯದ ದಾರಿ ತೆರೆದರೆ ಇಂಥವರಿಗೇ ಅನುಕೂಲ ಎನ್ನುತ್ತಾರೆ, ಕ್ಷೇತ್ರದಲ್ಲಿ ದುಡಿದು ದಣಿದವರು. ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮ ಜಿಲ್ಲೆಗಳಲ್ಲಿ ನಡೆಯುವುದೇ ಹೀಗೆ.

ಆದರೆ ಗಮನಿಸಿ: ಇಂಥ ತಂದೆಗೆ, ಇಂಥ ಚಿಕ್ಕಪ್ಪನಿಗೆ ವಕೀಲರು ಈಗಲೂ ಸಿಗುತ್ತಾರೆ, 101ನೇ ಕಲಮು ಅವರಿಗೆ ಈಗಲೂ ತೆರೆದಿದೆ. ಯಾರೂ ಇಲ್ಲದಿರುವುದು ಮಗುವಿಗೆ. ಮಗುವಿಗೇ ವಕೀಲರಿದ್ದು, ನ್ಯಾಯಾಧೀಶರೇ ಅದನ್ನು ಏಕಾಂತದಲ್ಲಿ ಮಾತಾಡಿಸಿದರೆ ಬಲ ಬರುವುದು ಹುಡುಗಿಗೆ. ಪರಿಶೀಲನೆ ಎಂದರೆ ಬಿಡುಗಡೆ ಎಂದರ್ಥವಲ್ಲ. ಇಟ್ಟುಕೊಳ್ಳುವುದೇ ಸರಿ ಎಂಬ ಆದೇಶವೂ ಬರಬಹುದು, ಆಗ ಆ ಆದೇಶಕ್ಕೆ ನ್ಯಾಯಾಲಯದ ತೂಕವಿರುತ್ತದೆ. ಆರೋಪಿ ಅದೇ ಮನೆಯಲ್ಲಿದ್ದರೆ ಮಗುವನ್ನು ಹೊರಗಿಡಬೇಕೇ ಎಂಬುದನ್ನು ಸಮಿತಿ ಮೂರು ದಿನದಲ್ಲಿ ತೀರ್ಮಾನಿಸಬೇಕೆಂದು ಪೋಕ್ಸೊ ನಿಯಮಗಳು ಹೇಳುತ್ತವೆ. ಆ ಮೂರು ದಿನದ ಕೆಲಸಕ್ಕೆ ಯಾರೂ ಅಡ್ಡ ಬರುತ್ತಿಲ್ಲ. ನಾಲ್ಕು ತಿಂಗಳ ನಂತರ ಏನು ಎಂಬುದಷ್ಟೇ ಪ್ರಶ್ನೆ. ಇನ್ನೊಂದು: ಸಮಿತಿ ಅವಸರದಲ್ಲಿ ಮಗುವನ್ನು ಅಪಾಯದ ಮನೆಗೇ ಮರಳಿಸಿದರೆ? ಆ ತಪ್ಪು ಹಿಡಿಯಲೂ ನ್ಯಾಯಾಲಯದ ಕಣ್ಣು ಬೇಕು.

ಹೊರಗೆ ಅಪಾಯ, ಒಳಗೆ ಸುರಕ್ಷೆ ಎಂಬ ನಂಬಿಕೆಗೂ ಆಧಾರವಿಲ್ಲ. ಬಿಹಾರದ ಮುಜಫ್ಫರಪುರದ ಬಾಲಿಕಾ ಗೃಹದಲ್ಲಿ ಹೆಣ್ಣುಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯವನ್ನು 2018ರಲ್ಲಿ ಹೊರಗೆ ತಂದದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡದ ಪರಿಶೋಧನೆ. 2020ರ ಜನವರಿಯಲ್ಲಿ ದೆಹಲಿಯ ನ್ಯಾಯಾಲಯ ದೋಷಿಗಳೆಂದು ತೀರ್ಪಿತ್ತ 19 ಜನರಲ್ಲಿ, ಅದೇ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮಾಜಿ ಅಧ್ಯಕ್ಷನೂ ಇದ್ದ. ಆ ಹೆಣ್ಣುಮಕ್ಕಳನ್ನು ನಿಯತವಾಗಿ ಒಬ್ಬ ನ್ಯಾಯಾಧೀಶರು ಮಾತಾಡಿಸುವ ಏರ್ಪಾಡಿದ್ದಿದ್ದರೆ, ಪರಿಶೋಧಕರು ಬರುವವರೆಗೆ ಅವರು ಬಾಯಿ ಬಿಡಲು ಕಾಯಬೇಕಿತ್ತೇ? ಕೇರಳದಲ್ಲಿ, ತಾಯಿ ಮಗುವಿಗಾಗಿ ದೂರು ಕೊಟ್ಟಿದ್ದರೂ ಹಸುಗೂಸು ದತ್ತುಪೂರ್ವ ಪೋಷಣೆಗೆಂದು ಆಂಧ್ರದ ದಂಪತಿಗೆ ಹೋಗಿತ್ತು. 2021ರ ಅಕ್ಟೋಬರಿನಲ್ಲಿ ಕೌಟುಂಬಿಕ ನ್ಯಾಯಾಲಯ ದತ್ತನ್ನು ತಡೆಯಿತು, ಡಿಎನ್‌ಎ ಪರೀಕ್ಷೆಯಾಯಿತು, ನವೆಂಬರಿನಲ್ಲಿ ಮಗು ತಾಯಿಯ ಕೈ ಸೇರಿತು. ಮಗುವನ್ನು ಪ್ರೀತಿಯಿಂದ ಸಾಕಿದ ಆ ದಂಪತಿಯ ಸಂಕಟವೂ, ತಾಯಿಯ ಸಂಕಟವೂ, ಮೊದಲೇ ಒಂದು ಪರಿಶೀಲನೆ ನಡೆದಿದ್ದರೆ ತಪ್ಪುತ್ತಿತ್ತು.

ಇದಕ್ಕೆಲ್ಲ ಸಂಸತ್ತು ಕಾಯ್ದೆ ತಿದ್ದುವವರೆಗೆ ಕಾಯಬೇಕಿಲ್ಲ. 102ನೇ ಕಲಮಿನ ಅಧಿಕಾರ ಹೈಕೋರ್ಟಿಗೆ ಇಂದೂ ಇದೆ, ಅದರ ಬಾಲ ನ್ಯಾಯ ಸಮಿತಿಯೂ ಇದೆ. ನಾಲ್ಕು ತಿಂಗಳು ಮೀರಿದ ಪ್ರತಿ ಮಗುವಿನ ಪಟ್ಟಿಯನ್ನು ಎಲ್ಲ ಜಿಲ್ಲೆಗಳಿಂದ ತರಿಸಿಕೊಳ್ಳುವ ಕೆಲಸವನ್ನು ಕರ್ನಾಟಕ ಹೈಕೋರ್ಟು ಈಗಲೇ ಶುರುಮಾಡಬೇಕೆಂದು ನಾನು ವಿನಂತಿಸುತ್ತೇನೆ. ಓದುಗರಲ್ಲೂ ಒಂದು ಕೋರಿಕೆ. ನಿಮಗೆ ತಿಳಿದ ಕುಟುಂಬದ ಮಗು ಬಾಲಮಂದಿರದಲ್ಲಿದ್ದರೆ, ಸಮಿತಿಯ ಆದೇಶದ ಪ್ರತಿಯನ್ನು ಕೇಳಿ ಪಡೆಯಲು ಅವರಿಗೆ ನೆರವಾಗಿ. ಮೇಲ್ಮನವಿಗೆ 30 ದಿನ. ಮೀರಿದ್ದರೆ ಕಾರಣ ಹೇಳಿ ಹಾಕಬಹುದು. ಹೆಂಗಸರಿಗೂ ಮಕ್ಕಳಿಗೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ, ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಸಿಗುತ್ತದೆ, ಸಹಾಯವಾಣಿ 15100.